ಯಾರು ದಾರಿ ಬಿಡಬೇಕು?

ನಮ್ಮ ಸೇಡಂ, ಚಿತ್ತಾಪುರದ ಕಡೆ ದೋಣಿಯ ಮಾತು ತೆಗೆದರೆ ಜನ ನಗುತ್ತಾರೆ. ನಮ್ಮದು ತೊಗರಿಯ ನಾಡು, ಶಹಾಬಾದಿ ಕಲ್ಲಿನ ನಾಡು, ವಾಡಿಯ ಸಿಮೆಂಟಿನ ನಾಡು. ಕಾಗಿಣಾ ಬೇಸಿಗೆಯಲ್ಲಿ ಬಂಡೆ ತೋರಿಸುತ್ತಾಳೆ. ಮಳೆ ಜೋರಾದರೆ ದಂಡೋತಿಯ ಸೇತುವೆಯನ್ನೇ ಮುಳುಗಿಸುತ್ತಾಳೆ. ಇಲ್ಲಿ ಹಾಯಿದೋಣಿ ಎಲ್ಲಿಂದ ಬರಬೇಕು?

ಆದರೂ ನೀರಿನ ಮೇಲಿನ ರೀತಿನೀತಿ ನಮಗೆ ಹೊಸದಲ್ಲ. ಭೀಮಾ ನದಿಯ ಹರಿಗೋಲಿನಲ್ಲಿ ಅಂಬಿಗನ ಮಾತೇ ಕಾನೂನು. "ಯವ್ವಾ, ಎದ್ದು ನಿಂದ್ರಬ್ಯಾಡ್ರಿ, ಎಲ್ಲಾರೂ ಒಂದ ಬಾಜೂಕ ಕುಂದ್ರಬ್ಯಾಡ್ರಿ" ಎಂದರೆ ಮುಗಿಯಿತು. ದುಂಡನೆಯ ಹರಿಗೋಲಿಗೆ ಹಿಂದು ಮುಂದಿಲ್ಲ. ಗೌಡತಿಯಾಗಲಿ ಕೂಲಿಯವಳಾಗಲಿ, ಭಾರ ಹಂಚಿಕೊಂಡು ಕೂತರೆ ಮಾತ್ರ ದಡ.

ದೊಡ್ಡ ನೀರಿನ ನಿಯಮ ನನಗೆ ಹೇಳಿಕೊಟ್ಟವಳು ಅಕ್ಕನ ಮಗಳು. ಹೈದರಾಬಾದಿನಲ್ಲಿ ನೌಕರಿ ಮಾಡುತ್ತ, ಹುಸೇನ್ ಸಾಗರದಲ್ಲಿ ಹಾಯಿದೋಣಿ ನಡೆಸಲು ಕಲಿತವಳು. ಪಂಚಮಿಗೆ ತವರಿಗೆ ಬಂದಾಗ ತಾಟಿನಲ್ಲಿ ಎರಡು ಕರ್ಚಿಕಾಯಿ ಇಟ್ಟು, "ಇಲ್ನೋಡು ಚಿಗವ್ವ, ಇವೇ ದೋಣಿ" ಎಂದಳು. ಬಲಗಡೆಯಿಂದ ಗಾಳಿ ಪಡೆದ ಹಾಯಿದೋಣಿ ನೇರ ಹೋಗಬೇಕು, ಎಡಗಡೆಯಿಂದ ಪಡೆದದ್ದು ದಾರಿ ಬಿಡಬೇಕು. ಎರಡಕ್ಕೂ ಒಂದೇ ಕಡೆಯ ಗಾಳಿಯಿದ್ದರೆ, ಗಾಳಿ ಬರುವ ಬದಿಗೆ ಇರುವ ದೋಣಿ ಸರಿಯಬೇಕು. ಯಂತ್ರದ ದೋಣಿ ಸಾಮಾನ್ಯವಾಗಿ ಹಾಯಿದೋಣಿಗೆ ದಾರಿ ಕೊಡಬೇಕು. ಹಿಂದಿನಿಂದ ಬಂದು ದಾಟುವವರು ಯಾರೇ ಇರಲಿ, ಅವರೇ ದೂರ ಸರಿಯಬೇಕು. ರಾತ್ರಿಯಲ್ಲಿ ಗುರುತಿಗೆ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. 1972ರಲ್ಲಿ ಹಲವು ದೇಶಗಳು ಕೂಡಿ ಒಪ್ಪಿ, 1977ರಿಂದ ಜಾರಿಗೆ ತಂದ ನಿಯಮಗಳಂತೆ ಇವು.

ನನಗೆ ಹಿಡಿಸಿದ್ದು ಬೇರೆಯದೇ. ದಾರಿ ಬಿಡುವವರಿಗೆ ಕೆಲಸವಿದ್ದಂತೆ ದಾರಿ ಪಡೆದವರಿಗೂ ಒಂದು ಕೆಲಸವಿದೆ: ದಿಕ್ಕು, ವೇಗ ಬದಲಿಸದೆ ಹೋಗುವುದು. ಸೌಜನ್ಯಕ್ಕೆಂದು ಅವರೂ ಸರಿದರೆ ಎದುರಿನವರಿಗೆ ಲೆಕ್ಕ ತಪ್ಪಿ ಡಿಕ್ಕಿಯಾಗುತ್ತದೆ. ಎದುರಿನವರು ಸರಿಯುತ್ತಿಲ್ಲ ಎಂದು ಸ್ಪಷ್ಟವಾದಾಗ ಮಾತ್ರ ತಾವೂ ತಪ್ಪಿಸಿಕೊಳ್ಳಬೇಕು.

ನಮ್ಮ ಹೆಣ್ಣುಮಕ್ಕಳಿಗೆ ಅರ್ಧ ನಿಯಮವನ್ನಷ್ಟೇ ಕಲಿಸುತ್ತಾರಲ್ಲವೇ? "ತಗ್ಗಿ ಬಗ್ಗಿ ನಡಿ, ನೀನೇ ಸರಿ." ವಾಡಿ ಜಂಕ್ಷನ್ನಿನ ಮೆಟ್ಟಿಲ ಮೇಲೆ ನಾವೇ ಗೋಡೆಗೆ ಒತ್ತಿಕೊಳ್ಳುತ್ತೇವೆ. ಮನೆಯಲ್ಲಿ ಊಟಕ್ಕೆ ಕೊನೆಯ ಪಂಕ್ತಿ ನಮ್ಮದೇ. ನೇರ ಹೋಗುವುದೂ ಒಂದು ಕರ್ತವ್ಯವೆಂದು ನಮಗೆ ಯಾರೂ ಹೇಳಲಿಲ್ಲ.

ಅದೇ ಪಂಚಮಿಯಲ್ಲಿ ಶಹಾಬಾದಿನ ಒಂದು ಮನೆಯವರು ಅವಳನ್ನು ನೋಡಿ ಒಪ್ಪಿದ್ದರು. ಮದುವೆಯ ನಂತರ ನೌಕರಿ ಬಿಡಬೇಕೆಂಬುದು ಅವರ ಕರಾರು. "ಈಗ ಹೂಂ ಅನ್ನು, ಆಮ್ಯಾಲ ನೋಡೂಣು" ಎಂದಳು ಅಕ್ಕ. ಹುಡುಗಿ ಒಪ್ಪಲಿಲ್ಲ. "ಈಗ ಒಂದು ದಿಕ್ಕು ತೋರ್ಸಿ ಆಮ್ಯಾಲ ಇನ್ನೊಂದ್ಕಡಿ ತಿರುಗಿದ್ರ ಅವರಿಗೂ ಪೆಟ್ಟು, ನನಗೂ ಪೆಟ್ಟು" ಎಂದವಳೇ, ನೌಕರಿ ಬಿಡುವುದಿಲ್ಲವೆಂದು ಹಿರಿಯರ ಮುಂದೆ ಮೆತ್ತಗೆ, ಆದರೆ ಸ್ಪಷ್ಟವಾಗಿ ಹೇಳಿದಳು.

ಸಂಬಂಧ ಕೂಡಲಿಲ್ಲ. ಅಕ್ಕ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆದರೆ ಎರಡೂ ಮನೆಯವರು ಇಂದಿಗೂ ಎದುರಾದರೆ "ಆರಾಮ ಇದ್ದೀರೇನ್ರಿ?" ಎಂದು ನಿಂತು ಮಾತಾಡುತ್ತಾರೆ. ನಿಶ್ಚಿತಾರ್ಥವಾಗಿ ಮುರಿದಿದ್ದರೆ ಈ ಮಾತು ಉಳಿಯುತ್ತಿತ್ತೇ?

2017ರಲ್ಲಿ ನೌಕಾದಳದ ಆರು ಮಂದಿ ಮಹಿಳೆಯರು ಗೋವೆಯಿಂದ ‘ತಾರಿಣಿ’ ಎಂಬ ಹಾಯಿನೌಕೆಯಲ್ಲಿ ಹೊರಟು, ಭೂಮಿ ಸುತ್ತಿ 2018ರಲ್ಲಿ ಮರಳಿದರು. 2024ರಲ್ಲಿ ದಿಲ್ನಾ, ರೂಪಾ ಎಂಬ ಇಬ್ಬರೇ ಅಧಿಕಾರಿಗಳು ಅದೇ ನೌಕೆಯಲ್ಲಿ ಹೊರಟು ಮರುವರ್ಷ ದಡ ಸೇರಿದರು. ಆ ನೀರಿನ ಮೇಲೆ ಎದುರಾದ ಹಡಗು ಚುಕ್ಕಾಣಿ ಹಿಡಿದವರು ಹೆಣ್ಣೋ ಗಂಡೋ ಎಂದು ಕೇಳುವುದಿಲ್ಲ. ಗಾಳಿ ಯಾವ ಕಡೆಯದು, ದೀಪ ಯಾವ ಬಣ್ಣದ್ದು, ಇಷ್ಟೇ ಪ್ರಶ್ನೆ.

ದಾರಿ ಬಿಡುವುದು ನಮಗೆ ಚೆನ್ನಾಗಿ ಬರುತ್ತದೆ. ಅದನ್ನು ಮರೆಯುವುದು ಬೇಡ. ನಮ್ಮ ಸರದಿ ಬಂದಾಗ ನೇರ ಹೋಗುವುದನ್ನೂ ಹೆಣ್ಣುಮಕ್ಕಳಿಗೆ ಕಲಿಸೋಣ.