ಒಣ ಪೌಡರ್, ಸಿಹಿ ಪೌಡರ್

ಮೈಸೂರಿನಿಂದ ನಂಜನಗೂಡು ಸೀಮೆಯ ಹೆಡತಲೆಗೆ ತಂದ ಎರಡು ಮಸ್ಕ್, ಅಂದರೆ ಕಸ್ತೂರಿ ಘಮದ, ಅತ್ತರುಗಳ ನಡುವೆ ಈಗ ನನ್ನ ಮನಸ್ಸು ಸಿಕ್ಕಿಕೊಂಡಿದೆ. ಎರಡಕ್ಕೂ ಪೌಡರಿನ ಘಮ. ಮೂಸಿದವರೆಲ್ಲ ‘ಎರಡೂ ಒಂದೇ ಅಲ್ವಾ’ ಅನ್ನುತ್ತಾರೆ. ಖಂಡಿತ ಅಲ್ಲ. ಒಂದರ ಪೌಡರ್ ಒಣದು, ತಣ್ಣನೆಯದು, ಐರಿಸ್ ಹೂಗಿಡದ ಬೇರಿನ ಜಾಡಿನದು. ಇನ್ನೊಂದು ವೆನಿಲ್ಲಾ ಬೆರೆತ ಸಿಹಿ, ಎಣ್ಣೆನೀರು ಹಾಕಿ ಪೌಡರ್ ಬಳಿದ ಕೂಸಿನ ಕತ್ತಿನ ಹಾಗೆ.

ಅಂಗಡಿಯ ಕಟ್ಟೆಯ ಮೇಲೇ ಒಮ್ಮೆ ಮೂಸಿ ತೀರ್ಪು ಕೊಡುವವರ ಜೊತೆ ನನಗೆ ಎಂದೂ ಹೊಂದುವುದಿಲ್ಲ. ಕಸ್ತೂರಿಯ ಅಣುಗಳು ಭಾರ, ನಿಧಾನಕ್ಕೆ ಏಳುತ್ತವೆ. ಮೊದಲು ಮೂಗಿಗೆ ಬರುವುದು ಬೇಗ ಹಾರಿಹೋಗುವ ಹಗುರ ಘಮ ಮಾತ್ರ. ಅದೂ ಅಲ್ಲದೆ ಕೆಲವರ ಮೂಗಿಗೆ ಕೆಲವು ಬಗೆಯ ಕಸ್ತೂರಿ ಹತ್ತುವುದೇ ಇಲ್ಲ. ‘ಇದಕ್ಕೆ ವಾಸನೇನೇ ಇಲ್ಲ’ ಅಂದವರಿಗೆ ಪಕ್ಕದ ಶೀಶೆಯದು ಚೆನ್ನಾಗಿ ಸಿಗಬಹುದು.

ನಾನು ನಂಬುವುದು ಹತ್ತಿ ಬಟ್ಟೆಯನ್ನು. ಬೆಳಿಗ್ಗೆ ಎರಡು ಕರವಸ್ತ್ರಗಳ ಮೂಲೆಗೆ ಒಂದೊಂದು ಅತ್ತರು ಸೋಕಿಸಿ, ಬೇರೆ ಬೇರೆ ಜೇಬಿಗಿಟ್ಟು ಹೊರಡುತ್ತೇನೆ. ಬಿಸಿಲಲ್ಲಿ ಗದ್ದೆ ಬದುವಿನ ಮೇಲೆ ಒಮ್ಮೆ, ಊರಿನ ಲಕ್ಷ್ಮೀಕಾಂತನ ಗುಡಿಯ ಕಲ್ಲಿನ ತಂಪಿನಲ್ಲಿ ಒಮ್ಮೆ, ರಾತ್ರಿ ಮಲಗುವ ಮುಂಚೆ ಇನ್ನೊಮ್ಮೆ ಮೂಸುತ್ತೇನೆ. ನಂಜನಗೂಡು ಸೀಮೆಯ ಬಿಸಿಲಿಗೆ ಸಿಹಿ ಪೌಡರ್ ಉಬ್ಬಿ ಗಂಟಲಿಗೆ ಬರುತ್ತದೆ. ಒಣ ಪೌಡರ್ ಅಲುಗಾಡದೆ ನಿಲ್ಲುತ್ತದೆ. ಧನುರ್ಮಾಸದ ಚಳಿಯಲ್ಲಾದರೆ ಸಿಹಿಯದೇ ಸರಿ. ಈಗ ಬೇಸಿಗೆ, ಆದ್ದರಿಂದ ಒಣದನ್ನೇ ಆರಿಸಿದ್ದೇನೆ.

ಸಿಟ್ಟು ಬರುವುದು ಬೇರೆ ಕಡೆ. ಮಾರುವವರೊಬ್ಬರು ‘ಒರಿಜಿನಲ್ ಕಸ್ತೂರಿ ಸಾರ್’ ಅಂದರು. ಒರಿಜಿನಲ್ ಅಂದರೆ ಹಿಮಾಲಯದ ಗಂಡು ಕಸ್ತೂರಿಮೃಗವನ್ನು ಕೊಂದು, ಹೊಕ್ಕುಳ ಹತ್ತಿರದ ಗ್ರಂಥಿ ಕಿತ್ತು ತಂದದ್ದು. 1972ರ ವನ್ಯಜೀವಿ ಕಾಯಿದೆ ಅದರ ಬೇಟೆಯನ್ನು ನಿಷೇಧಿಸಿದೆ. ಹಾಗಾಗಿ ಆ ಮಾತು ಒಂದೋ ಸುಳ್ಳು, ಇಲ್ಲವೇ ನಮ್ಮನ್ನೂ ಅಪರಾಧಕ್ಕೆ ಎಳೆಯುವುದು. ಆ ಒರಿಜಿನಲ್ ಯಾಕೆ ಬೇಕು? 1888ರಲ್ಲಿ ಸಿಡಿಮದ್ದಿನ ಕೆಲಸ ಮಾಡುತ್ತಿದ್ದ ಆಲ್ಬರ್ಟ್ ಬಾವರ್‌ಗೆ ಕೃತಕ ಕಸ್ತೂರಿ ಸಿಕ್ಕಿತು. 1926ರಲ್ಲಿ ರಸಾಯನ ವಿಜ್ಞಾನಿ ರುಜಿಚ್ಕಾ ನಿಜವಾದ ಕಸ್ತೂರಿಯ ಘಮದ ಗುಟ್ಟು ಹದಿನೈದು ಇಂಗಾಲದ ಪರಮಾಣುಗಳ ಬಳೆ ಎಂದು ತೋರಿಸಿದರು. 1939ರಲ್ಲಿ ನೊಬೆಲ್ ಪಡೆದರು. ಇಂದಿನ ಮಸ್ಕ್ ಕಾರ್ಖಾನೆಯದು ಅನ್ನಲು ನಾಚಿಕೆ ಯಾತಕ್ಕೆ? ಗಿಡದ್ದೇ ಬೇಕೆಂದರೆ ಕಸ್ತೂರಿ ಬೆಂಡೆಯ ಬೀಜವಿದೆ, ಅದರಲ್ಲೂ ಕಸ್ತೂರಿಯ ಘಮವುಂಟು.

ಒಳಗಿನದನ್ನು ಬಿಚ್ಚಿ ಹೇಳುವುದು ನಮಗೆ ಹೊಸದೇನಲ್ಲ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ ‘ಲೋಕೋಪಕಾರ’ ಬರೆದ. ಗಿಡಮರ, ನೀರಿನ ಸೆಲೆ, ಅಡುಗೆಗಳ ಜೊತೆಗೆ ಸುಗಂಧ ಕೂಡಿಸುವ ವಿದ್ಯೆಯನ್ನೂ ಜನರ ಉಪಯೋಗಕ್ಕೆಂದೇ ಅದರಲ್ಲಿ ಇಟ್ಟ. ಸಾವಿರ ವರ್ಷದ ಹಿಂದೆ ಬಿಚ್ಚಿ ಹೇಳಿದ್ದನ್ನು ಇಂದು ಒಂದು ಸಣ್ಣ ಶೀಶೆಯ ಚೀಟಿಯ ಮೇಲೆ ಬರೆಯಲು ಆಗದೇ? ಒಳಗೇನಿದೆ ಎಂದು ಬರೆದುಬಿಟ್ಟರೆ ಸಾಕು, ಆರಿಸುವುದನ್ನು ನಮ್ಮ ಮೂಗು ನೋಡಿಕೊಳ್ಳುತ್ತದೆ.