ಬೋರು ಅನ್ನೋ ಎರಡಕ್ಷರ

ನಮ್ಮ ಕಡೆ ರೈತರ ಬಾಯಲ್ಲಿ ದಿನಕ್ಕೆ ಅತಿ ಹೆಚ್ಚು ಸಲ ಬರೋ ಇಂಗ್ಲಿಷ್ ಪದ ಯಾವುದು ಅಂತ ಲೆಕ್ಕ ಹಾಕಿದ್ರೆ ಬೋರೇ ಗೆಲ್ಲುತ್ತೆ, ಕರೆಂಟಿಗೆ ಎರಡನೇ ಸ್ಥಾನ. ಬೋರ್ ಹಾಕಿಸ್ದೆ, ಬೋರ್ ಫೇಲಾಯ್ತು, ಬೋರ್ ಗ್ಯಾಪ್ ಕೊಡ್ತಾ ಇದೆ, ಬೋರ್ ನಿಂತೋಯ್ತು. ಅದೇ ಮನೇಲಿ ಮೊಬೈಲ್ ಚಾರ್ಜ್ ಮುಗಿದ ತಕ್ಷಣ ಮಕ್ಕಳು ‘ಬೋರಾಗ್ತಿದೆ’ ಅಂತಾರೆ. ಮಗಳ ಇಂಗ್ಲಿಷ್ ಪಾಠದಲ್ಲಿ ಒಬ್ಬ ರಾಣಿ ಗಂಡುಮಗುವನ್ನ ಹೆತ್ತಳು ಅನ್ನೋದಕ್ಕೂ ಬೋರ್ ಅಂತಲೇ ಇತ್ತು. ರಾಣಿ ಮಗುಗೆ ಬೋರ್ ಹೊಡೆಸಿದಳಾ ಅಂತ ಅವಳು ಕೇಳಿದಳು. ಮಳೆ ಹಿಡ್ಕೊಂಡಿತ್ತು, ಹೊಲಕ್ಕೆ ಇಳಿಯೋ ಹಾಗಿರ್ಲಿಲ್ಲ, ನಿಘಂಟು ತೆಗೆದು ಕೂತೆ.

ನೋಡಿದ್ರೆ ಇದು ಒಂದು ಪದವೇ ಅಲ್ಲ. ಬೇರೆ ಬೇರೆ ಕಡೆಯಿಂದ ಬಂದು ಒಂದೇ ಹೆಸರಿಟ್ಕೊಂಡಿರೋ ಪದಗಳು, ಒಂದೇ ಊರಲ್ಲಿ ನಾಲ್ಕು ಜನ ರಂಗಪ್ಪ ಇದ್ದ ಹಾಗೆ. ರಾಣಿಯ ಬೋರು ‘ಬೇರ್’ ಅನ್ನೋ ಕ್ರಿಯಾಪದದ ಭೂತಕಾಲ. ಹೊರೋದು, ತಾಳ್ಕೊಳ್ಳೋದು, ಹೆರೋದು ಎಲ್ಲಾ ಅದರಲ್ಲೇ. ಸಂಸ್ಕೃತದಿಂದ ನಮಗೆ ಬಂದಿರೋ ಭಾರ, ಭರಿಸು ಅದಕ್ಕೆ ದೂರದ ದಾಯಾದಿಗಳು. ಇನ್ನೊಂದು ಬೋರು ನೀರಿನದು. ಸಮುದ್ರದ ಉಬ್ಬರ ನದಿ ಬಾಯಲ್ಲಿ ಗೋಡೆ ಹಾಗೆ ಎದ್ದು ಹಿಮ್ಮುಖವಾಗಿ ನುಗ್ಗೋದಕ್ಕೆ ಆ ಹೆಸರು. ಬಂಗಾಳದ ಹೂಗ್ಲಿ ನದೀಲಿ ಅದು ಬರುತ್ತೆ. ಉತ್ತರ ಯುರೋಪಿನ ಹಳೇ ನಾರ್ಸ್ ಭಾಷೆಲಿ ಅಲೆಗೆ ‘ಬಾರಾ’ ಅಂತಿದ್ರು, ಅಲ್ಲಿಂದ ಬಂತು ಅಂತಾರೆ. ತಾನಾಗೇ ನೀರು ಬರೋ ಬೋರು ಅದೊಂದೇ, ಅದೂ ನಮ್ಮ ತಾಲ್ಲೂಕಿಗಲ್ಲ.

ಮಕ್ಕಳ ಬೋರು 1760ರ ದಶಕದಲ್ಲಿ ಇಂಗ್ಲೆಂಡಿನ ಬರವಣಿಗೇಲಿ ಕಾಣಿಸ್ಕೊಂಡಿದ್ದು. ಅದರ ಮೂಲದ ಬಗ್ಗೆ ಪಂಡಿತರಲ್ಲಿ ಒಮ್ಮತ ಇಲ್ಲ. ತೂತು ಕೊರೆದ ಹಾಗೆ ಕೊರೀತಾನೆ ಅನ್ನೋದರಿಂದ ಬಂದಿರಬಹುದು ಅಂತ ಕೆಲವರು. ಕನ್ನಡದವರಿಗೆ ಇದನ್ನ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ. ‘ತಲೆ ಕೊರೀಬೇಡ ಹೋಗಪ್ಪ’ ಅಂತ ದಿನಾ ಅಂತೀವಲ್ಲ.

ಇನ್ನು ನಮ್ಮ ಬೋರು. ಹಳೇ ಇಂಗ್ಲಿಷಿನ ‘ಬೋರಿಯನ್’, ಅಂದ್ರೆ ಕೊರೆಯೋದು. ಜರ್ಮನಿಯವರು ಇವತ್ತಿಗೂ ‘ಬೋರೆನ್’ ಅಂತಾರೆ. ಈ ಮನೆತನ ದೊಡ್ಡದು. ಭತ್ತದ ಕಾಂಡಕೊರಕ ಹುಳ ಇಂಗ್ಲಿಷಲ್ಲಿ ‘ಸ್ಟೆಮ್ ಬೋರರ್’. ಇಂಜಿನ್ ಸಿಲಿಂಡರ್ ಸವೆದಾಗ ಮೆಕ್ಯಾನಿಕ್ ‘ರೀಬೋರ್ ಮಾಡಿಸ್ಬೇಕು’ ಅನ್ನೋದೂ ಇದೇ. ಮಲೆನಾಡಿನವರ 12 ಬೋರ್ ಕೋವಿನೂ ಇದೇ. ಒಂದು ಪೌಂಡ್ ಸೀಸದಲ್ಲಿ 12 ಸಮ ಗುಂಡು ಮಾಡಿದ್ರೆ ಒಂದು ಗುಂಡು ಎಷ್ಟು ದಪ್ಪ ಬರುತ್ತೋ ಅಷ್ಟು ಅಗಲದ ನಳಿಗೆ ಅಂತ ಲೆಕ್ಕ. ಎಲ್ಲಾ ಕಡೆ ಅರ್ಥ ಒಂದೇ: ತೂತು.

ನನ್ನ ತಲೇಲಿ ಉಳಿದಿದ್ದು ಇದೇ. ಪೂರ್ತಿ ಪದ ಬೋರ್‌ವೆಲ್. ಅದರಲ್ಲಿ ಬಾವಿ ಅನ್ನೋ ಭಾಗ ‘ವೆಲ್’. ನಾವು ಮಾತಲ್ಲಿ ವೆಲ್ ಬಿಟ್ಟು ಬೋರ್ ಉಳಿಸ್ಕೊಂಡ್ವಿ. ಬಾವಿ ಹೋಯ್ತು, ತೂತು ಉಳೀತು. ಸರ್ಕಾರಿ ಕಾಗದದ ಕೊಳವೆ ಬಾವಿಲಿ ಬಾವಿ ಇದೆ, ಆದ್ರೆ ಹಾಗಂತ ಹೇಳೋರು ಯಾರೂ ಇಲ್ಲ. ನಮ್ಮ ಕಿವಿಗೆ ಬೋರ್ ಅಂದ್ರೆ ನೀರು. ರಿಗ್ ಲಾರಿಯವನಿಗೆ ಬೋರ್ ಅಂದ್ರೆ ಅಡಿ ಲೆಕ್ಕದ ತೂತು. ಅವನ ಬಿಲ್ಲಲ್ಲಿ ನೀರು ಅನ್ನೋ ಪದ ಎಲ್ಲೂ ಬರಲ್ಲ, ಹುಡುಕಿ ನೋಡಿ. ಅಡಿಗೆ ಇಷ್ಟು, ಆಳ ಹೋದ ಹಾಗೆ ರೇಟ್ ಜಾಸ್ತಿ, ಕೇಸಿಂಗಿಗೆ ಬೇರೆ. ಅವನು ಸುಳ್ಳು ಹೇಳ್ತಿಲ್ಲ, ಪದದ ಅರ್ಥಕ್ಕೆ ಸರಿಯಾಗೇ ಕೊಡ್ತಾನೆ.

ನಮ್ಮದು ಗಟ್ಟಿ ಕಲ್ಲಿನ ನೆಲ. ಮೇಲಿನ ಕೊಳೆತ ಕಲ್ಲಲ್ಲಿ, ಅದರ ಕೆಳಗಿನ ಬಿರುಕಲ್ಲಿ ಮಾತ್ರ ನೀರು ಕೂತಿರುತ್ತೆ. ಬಿರುಕು ಸಿಕ್ರೆ ಉಂಟು, ಇಲ್ಲಾಂದ್ರೆ ಬರೀ ಕಲ್ಲಿನ ಪುಡಿ. ಆಳಕ್ಕೆ ಹೋದಷ್ಟೂ ಬಿರುಕು ಕಮ್ಮಿ ಆಗುತ್ತೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ 1000 ಅಡಿ ದಾಟಿದವರನ್ನ ಕೇಳಿ. ಪಕ್ಕದವನಿಗೆ ಬಂತು ಅಂತ ನಾವೂ ಕೊರೆದ್ರೆ ಇಬ್ಬರೂ ಒಂದೇ ಬಿರುಕಿಗೆ ಸ್ಟ್ರಾ ಹಾಕಿದ ಹಾಗೆ. ನಮ್ಮ ಜಮೀನಲ್ಲಿ ಮೂರು ತೂತಿವೆ, ನೀರಿರೋದು ಒಂದರಲ್ಲಿ, ಒಂದೂವರೆ ಇಂಚು. ತೆಂಗಿಗೆ ಡ್ರಿಪ್ ಮಾಡಿ ಅದರಲ್ಲೇ ಸಂಭಾಳಿಸ್ತಾ ಇದೀನಿ. ನಾಲ್ಕನೇದಕ್ಕೆ ಪಾಯಿಂಟ್ ಮಾಡಿಸು ಅನ್ನೋರಿದಾರೆ. ಆ ದುಡ್ಡಲ್ಲಿ ತಾತನ ಕಾಲದ ತೆರೆದ ಬಾವಿ ಹೂಳು ತೆಗೆಸಿ, ಹೊಲದ ಮಳೆನೀರು ಅದಕ್ಕೆ ಇಳಿಯೋ ಹಾಗೆ ಕಾಲುವೆ ಮಾಡಿಸಿದೆ. ಬಾವಿಲಿ ಈಗ ಎರಡಾಳು ನೀರಿದೆ.

ಉಳಿದ ಎರಡು ತೂತಿನ ವಿಷಯ ಬಾಕಿ ಇದೆ. ಬೋರ್ ಫೇಲಾದ್ರೆ ಕೇಸಿಂಗ್ ಪೈಪ್ ಕಿತ್ಕೊಂಡು ಹೋಗ್ತೀವಿ, ಬಾಯಿ ಹಾಗೇ ಬಿಟ್ಟಿರ್ತೀವಿ, ಮೇಲೊಂದು ಕಲ್ಲು, ಇಲ್ಲಾ ಗೋಣಿಚೀಲ. 2024ರ ಏಪ್ರಿಲಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷದ ಮಗು ಬಿದ್ದಿದ್ದು ನೆನಪಿದೆಯಲ್ಲ. ಪುಣ್ಯಕ್ಕೆ ಜೀವಂತ ಸಿಕ್ತು, ಎಷ್ಟೋ ಮಕ್ಕಳು ಸಿಗಲಿಲ್ಲ. ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ: ಬಿಟ್ಟ ಬೋರನ್ನ ತಳದಿಂದ ನೆಲದ ಮಟ್ಟದವರೆಗೆ ಮಣ್ಣು, ಮರಳು, ಕಲ್ಲು ತುಂಬಿ ಮುಚ್ಚಬೇಕು, ಬಳಸೋ ಬೋರಿಗೆ ಉಕ್ಕಿನ ತಗಡು ವೆಲ್ಡ್ ಮಾಡ್ಬೇಕು, ಇಲ್ಲಾ ಬೋಲ್ಟ್ ಹಾಕಿದ ಗಟ್ಟಿ ಕ್ಯಾಪ್ ಇರಬೇಕು.

ನನ್ನವೆರಡಕ್ಕೂ ಸೋಮವಾರ ಒಂದು ಟ್ರಾಕ್ಟರ್ ಲೋಡ್ ಮರಳುಮಣ್ಣು ಬರ್ತಾ ಇದೆ, ವೆಲ್ಡರೂ ಅವತ್ತೇ ಬರ್ತಾನೆ. ಕೆರೆ ಹಿಂದಿನ ಹೊಲಗಳಲ್ಲಿ ಬಾಯಿ ತೆರೆದಿರೋವು ಐದಾರು ಕಂಡಿವೆ. ನಿಮ್ಮದಾಗಿದ್ರೆ ಹೇಳಿ, ಮಣ್ಣು ಮಿಕ್ಕುತ್ತೆ, ಅವತ್ತೇ ಒಟ್ಟಿಗೆ ಮುಗಿಸೋಣ.