ಕಳ್ಳಗಾಳಿ

ಗೆಳೆಯರು ನಗುತ್ತಾರೆ. "ಪದ್ಯ ಬರೀರಯ್ಯಾ ಅಂದ್ರೆ ಬೈಕು ಬಿಚ್ಕೊಂಡು ಕೂತವ್ರೆ" ಅನ್ನುತ್ತಾರೆ. ನಗಲಿ. ಮೂರು ತಿಂಗಳಿಂದ ನಾವು ಒಂದು ಪದ್ಯವನ್ನೂ ಬರೆದಿಲ್ಲ ಅನ್ನೋದು ನಿಜ. ಈ ಮೂರು ತಿಂಗಳು ನಾವು ಹಳೆಯ ಯೆಜ್ದಿ ಮೋಟಾರ್ ಸೈಕಲ್ಲಿಗೆ ಅದರದಲ್ಲದ ಒಂದು ಏರ್‌ಬಾಕ್ಸನ್ನು ಕೂರಿಸುತ್ತಿದ್ದೆವು. ಪತ್ರಿಕೆಗೆ ಏನಾದರೂ ಕಳಿಸಿ ಎಂದು ಸಂಪಾದಕರು ಕೇಳಿದ್ದಾರೆ. ಗೊತ್ತಿರುವುದನ್ನೇ ಬರೆಯುತ್ತೇವೆ.

ನಾವು ಅಂದರೆ ಅಣ್ಣತಮ್ಮ ಇಬ್ಬರು. ಹಿರಿಯವನು ಬಿ.ಎ. ಮಾಡಿದವನು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಕಾಲು ಅವನದು. ಕೆಲಸ ಇಲ್ಲ, ಪದ್ಯ ಉಂಟು. ಕಿರಿಯವನು ಐ.ಟಿ.ಐ.ನಲ್ಲಿ ಫಿಟ್ಟರ್ ಓದಿದವನು. ಒಬ್ಬನಿಗೆ ಬಾಯಿ, ಒಬ್ಬನಿಗೆ ಕೈ ಅಂತ ನಮ್ಮವ್ವ ಹೇಳುತ್ತಾಳೆ. ನಮ್ಮದು ಚಾಮರಾಜನಗರದ ಕಡೆಯ ಹಳ್ಳಿ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು.

ಅಪ್ಪ ಹದಿನೆಂಟು ವರ್ಷ ಜಲ್ಲಿ ಕ್ರಷರಿನಲ್ಲಿ ದುಡಿದವನು. ಈಗ ಇಪ್ಪತ್ತು ಹೆಜ್ಜೆ ನಡೆದರೆ ಕೂತುಕೊಳ್ಳುತ್ತಾನೆ. ಮೊದಲು ಟಿ.ಬಿ. ಅಂದರು. ಆರು ತಿಂಗಳು ಮಾತ್ರೆ ನುಂಗಿದ. ಕೆಮ್ಮು ಹೋಗಲಿಲ್ಲ. ಆಮೇಲೆ ಮೈಸೂರಿನಲ್ಲಿ ಎದೆಯ ಪಟ ನೋಡಿದ ಒಬ್ಬ ಡಾಕ್ಟರಮ್ಮ ಕೇಳಿದರು: "ಏನು ಕೆಲಸ ಮಾಡ್ತಿದ್ರಿ?" ಅಲ್ಲಿವರೆಗೂ ಯಾವ ಡಾಕ್ಟರೂ ಆ ಮಾತು ಕೇಳಿರಲಿಲ್ಲ. ಅಪ್ಪ ಕಲ್ಲು ಅಂದ. ಆಯಮ್ಮ ಬರೆದ ಹೆಸರು ಸಿಲಿಕೋಸಿಸ್. ಕಲ್ಲಿನೊಳಗಿನ ಸಿಲಿಕಾ ನುಣ್ಣಗೆ ಪುಡಿಯಾಗಿ ಉಸಿರಿನ ಜೊತೆ ಇಳಿದು ಶ್ವಾಸಕೋಶದ ಆಳದಲ್ಲಿ ಕೂರುತ್ತದೆ. ಅದು ಕೂತ ಕಡೆ ಮಾಂಸ ಗಾಯದ ಕಲೆಯ ಹಾಗೆ ಗಟ್ಟಿಯಾಗುತ್ತದೆ. ಮತ್ತೆ ಮೆತ್ತಗಾಗುವುದಿಲ್ಲ. 1948ರ ಕಾರ್ಖಾನೆ ಕಾಯ್ದೆಯೇ ಇದನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು. ಕಾಯ್ದೆಗೆ ಗೊತ್ತಿದ್ದ ಸಂಗತಿ ನಮ್ಮಪ್ಪನಿಗೆ ಗೊತ್ತಾಗಲು ಹದಿನೆಂಟು ವರ್ಷ ದುಡಿಯಬೇಕಾಯಿತು.

ಪರಿಹಾರಕ್ಕೆ ಅರ್ಜಿ ಹಾಕೋಣ ಅಂತ ಹೊರಟೆವು. ಅವನು ಅಲ್ಲಿ ದುಡಿದನೆಂಬುದಕ್ಕೆ ದಾಖಲೆ ಏನು ಎಂದು ಕೇಳಿದರು. ದಾಖಲೆ ಎಲ್ಲಿಂದ ಬರಬೇಕು? ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ಶನಿವಾರ ಸಂಜೆ ಕೈಗೆ ಬಟವಾಡೆ, ಅಷ್ಟೆ. ಜೊತೆಯಲ್ಲಿ ದುಡಿದವರ ಹೇಳಿಕೆಗಳನ್ನಾದರೂ ತನ್ನಿ ಎಂದು ವಕೀಲ ಗೆಳೆಯರೊಬ್ಬರು ಹೇಳಿದರು. ಆ ಜನ ಈಗ ಹತ್ತು ಹನ್ನೆರಡು ಊರುಗಳಲ್ಲಿ ಚೆದುರಿಹೋಗಿದ್ದಾರೆ. ಕೆಲವು ಊರಿಗೆ ಬಸ್ಸೇ ಇಲ್ಲ. ಹೀಗಾಗಿ ನಮಗೊಂದು ಗಾಡಿ ಬೇಕಾಯಿತು.

ಗಾಡಿ ಕೊಟ್ಟವರು ನಮಗೆ ಅಕ್ಷರ ಕಲಿಸಿದ ಮೇಷ್ಟ್ರು. ಅವರ ದನದ ಕೊಟ್ಟಿಗೆಯಲ್ಲಿ ಒಂದು ಯೆಜ್ದಿ ರೋಡ್‌ಕಿಂಗ್ ಹದಿನೈದು ವರ್ಷದಿಂದ ಹುಲ್ಲು ಹೊದ್ದು ನಿಂತಿತ್ತು. "ದುಡ್ಡು ಬೇಡ ಕಣ್ರಪ್ಪಾ, ಓಡಿಸೋದಾದ್ರೆ ತಗೊಂಡೋಗಿ" ಅಂದರು. ಪುಕ್ಕಟೆ ತೆಗೆದುಕೊಳ್ಳಲು ನಮಗೆ ಮನಸ್ಸಾಗಲಿಲ್ಲ. ಅವರ ಮನೆಯ ಹೆಂಚು ಕೈಯಾಡಿಸಿ ಗೋಡೆಗೆ ಸುಣ್ಣ ಬಳಿದುಕೊಟ್ಟೆವು. ಕಾಗದಪತ್ರ ನಮ್ಮ ಹೆಸರಿಗೆ ಮಾಡಿಸಿಕೊಟ್ಟರು.

ಈ ಗಾಡಿ ನಮ್ಮ ಸೀಮೆಯಲ್ಲೇ ಹುಟ್ಟಿದ್ದು. ಜೆಕೊಸ್ಲೊವಾಕಿಯಾದ ಜಾವಾ ಬೈಕನ್ನು 1961ರಿಂದ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸತೊಡಗಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ದಿ ಆಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ, ಯೆಜ್ದಿ ಹೆಸರಿನಲ್ಲಿ 2018ರಿಂದೀಚೆಗೆ ಹೊಸ ಬೈಕುಗಳು ಮತ್ತೆ ಬಂದಿವೆ, ಆದರೆ ಅವುಗಳ ಒಂದು ನಟ್ಟೂ ನಮ್ಮದಕ್ಕೆ ಹೊಂದುವುದಿಲ್ಲ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ಕಿಕ್ ಹೊಡೆಯುವ ಕೋಲೇ ಮುಂದಕ್ಕೆ ಮಗುಚಿದರೆ ಗೇರಿನ ಕೋಲು. ನಮ್ಮಪ್ಪನ ಕಾಲದಲ್ಲಿ ಊರಿನ ದೊಡ್ಡಕುಳಗಳು ಇದರ ಮೇಲೆ ಬರುವ ಸದ್ದು ಕೇಳಿದರೆ ಕೇರಿಯವರು ದಾರಿ ಬಿಟ್ಟು ನಿಲ್ಲುತ್ತಿದ್ದರಂತೆ. ಈಗ ಅದು ನಮ್ಮ ಕೇರಿಯ ಹುಣಸೆಮರದ ಕೆಳಗೆ ಕಳಚಿಕೊಂಡು ಮಲಗಿತ್ತು.

ಎಂಜಿನ್ ಒಳ್ಳೆಯ ಸ್ಥಿತಿಯಲ್ಲಿತ್ತು. ಕೆಟ್ಟಿದ್ದು ಏರ್‌ಬಾಕ್ಸು. ದನದ ಗಂಜಲದಲ್ಲಿ ತಗಡು ಕೊರೆದು ತಳವೇ ಉದುರಿತ್ತು. ಕಾರ್ಬುರೇಟರಿಗೆ ಸೇರಿಸುವ ರಬ್ಬರ್ ಮೂತಿ ಬಿಸಿಲಿಗಿಟ್ಟ ಹಪ್ಪಳದ ಹಾಗೆ ಮುರಿಯಿತು. ಪೇಟೆಯ ಮೆಕ್ಯಾನಿಕ್ ಹೇಳಿದ: "ಅದ್ಯಾಕ್ರೀ ಬೇಕು? ಕಿತ್ತಾಕಿ. ಒಂದ್ ಬಟ್ಟೆ ಕಟ್ಟಿ ಓಡ್ಸಿ. ಗಾಡಿ ಗುಡುಗ್ತದೆ."

ಎರಡು ದಿನ ಹಾಗೇ ಓಡಿಸಿದೆವು. ಗುಡುಗಿತು, ನಿಜ. ಮೂರನೆಯ ದಿನ ಕಿರಿಯವನು ಪ್ಲಗ್ಗು ಬಿಚ್ಚಿ ನೋಡಿದ. ಮೂತಿ ಸುಣ್ಣದ ಹಾಗೆ ಬೆಳ್ಳಗಿತ್ತು. ತಡೆ ಇಲ್ಲದೆ ಗಾಳಿ ಹೆಚ್ಚಾಗಿ ನುಗ್ಗಿದರೆ ಅದಕ್ಕೆ ತಕ್ಕ ಪೆಟ್ರೋಲು ಸಿಗುವುದಿಲ್ಲ, ಎಂಜಿನ್ ಕಾಯುತ್ತದೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಆಮೇಲೆ ಕಾರ್ಬುರೇಟರಿನ ಬಾಯಿಯೊಳಗೆ ಬೆರಳು ಹಾಕಿ ಎಳೆದ. ಬೆರಳಿಗೆ ನುಣ್ಣನೆ ಬೂದಿಯಂಥ ಧೂಳು. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಗಾಳಿ ನೇರ ಸಿಲಿಂಡರಿಗೆ ಹೋಗುವುದಿಲ್ಲ. ಮೊದಲು ಕೆಳಗಿನ ಕ್ರ್ಯಾಂಕ್‌ಕೇಸಿಗೆ ಇಳಿದು ಆಮೇಲೆ ಮೇಲಕ್ಕೆ ಏರುತ್ತದೆ. ಧೂಳು ಬಂದರೆ ಬೇರಿಂಗು, ಕನೆಕ್ಟಿಂಗ್ ರಾಡು, ಪಿಸ್ಟನ್, ರಿಂಗು ಎಲ್ಲವನ್ನೂ ಮುಟ್ಟಿ, ಎಲ್ಲವನ್ನೂ ಸವೆಸಿ ಹೊರಗೆ ಹೋಗುತ್ತದೆ. ಒಂದೇ ದಿನದಲ್ಲಿ ಗೊತ್ತಾಗುವುದಿಲ್ಲ. ವರ್ಷಗಟ್ಟಲೆ ಹಿಡಿಯುತ್ತದೆ.

ಕಿರಿಯವನು ಬೆರಳನ್ನು ಹಾಗೇ ಹಿಡಿದುಕೊಂಡು ನಿಂತಿದ್ದ. ಅಪ್ಪ ಜಗಲಿಯ ಮೇಲೆ ಕೂತು ನೋಡುತ್ತಿದ್ದ. ನಾವು ಯಾರೂ ಮಾತಾಡಲಿಲ್ಲ. ಬಟ್ಟೆ ಕಟ್ಟಿ ಓಡಿಸುವುದು ಬೇಡ ಅಂತ ಅವತ್ತೇ ತೀರ್ಮಾನವಾಯಿತು. ಹದಿನೆಂಟು ವರ್ಷ ಅಪ್ಪ ಮುಖಕ್ಕೆ ಕಟ್ಟಿಕೊಂಡಿದ್ದೂ ಒಂದು ಟವಲ್ಲೇ.

ಅಸಲಿ ಪೆಟ್ಟಿಗೆ ಹುಡುಕಿದೆವು. ಸಿಕ್ಕ ಕಡೆ ನಮ್ಮ ಕೈಗೆಟುಕದ ಬೆಲೆ. ಹಳೇ ಬೈಕು ಈಗ ಉಳ್ಳವರ ಶೋಕಿಯಾಗಿದೆ. ಕೊನೆಗೆ ಮೈಸೂರಿನ ಒಂದು ಗುಜರಿಯಲ್ಲಿ ಯಮಹಾ ಆರ್‌ಎಕ್ಸ್ 100ರ ಪ್ಲಾಸ್ಟಿಕ್ ಏರ್‌ಬಾಕ್ಸು 350 ರೂಪಾಯಿಗೆ ಸಿಕ್ಕಿತು. ಅದೂ ಟೂ ಸ್ಟ್ರೋಕ್ ಬೈಕೇ. 1985ರಲ್ಲಿ ಬಂದು ಯೆಜ್ದಿಯ ಹಾಗೆಯೇ 1996ರಲ್ಲಿ ನಿಂತುಹೋದದ್ದು. ಅಲ್ಲಿಗೆ ಹೋಲಿಕೆ ಮುಗಿಯಿತು. ಅದು 98 ಸಿಸಿ, ನಮ್ಮದು 250. ಅದರ ಕಾರ್ಬುರೇಟರಿನ ಒಳಬಾಯಿ 20 ಮಿಲಿಮೀಟರ್, ನಮ್ಮ ಜೀಕೋವ್‌ನದು 28. ಎಂಟೇ ಮಿಲಿಮೀಟರ್ ಅಂತರ ಅನ್ನಿಸುತ್ತದೆ. ಆದರೆ ಬಾಯಿಯ ವಿಸ್ತೀರ್ಣ ಲೆಕ್ಕ ಹಾಕಿದರೆ 314ಕ್ಕೆ 616 ಚದರ ಮಿಲಿಮೀಟರ್, ಹೆಚ್ಚೂಕಮ್ಮಿ ಎರಡರಷ್ಟು.

ಇನ್ನೊಂದು ಲೆಕ್ಕವನ್ನೂ ಹಾಕಿದೆವು. ಮೇಷ್ಟ್ರುಗಳು ಇದನ್ನು ಮಕ್ಕಳಿಗೆ ಕೊಡಬಹುದು. ಟೂ ಸ್ಟ್ರೋಕ್ ಎಂಜಿನ್ ಸುತ್ತಿಗೊಂದು ಸಲ ಉಸಿರೆಳೆಯುತ್ತದೆ. ನಿಮಿಷಕ್ಕೆ 4000 ಸುತ್ತು ತಿರುಗಿದರೆ ಲೆಕ್ಕದ ಪ್ರಕಾರ 1000 ಲೀಟರ್ ಗಾಳಿ. ನಿಜದಲ್ಲಿ ಸ್ವಲ್ಪ ಕಡಿಮೆ. ನಮ್ಮ ಮನೆ ಹತ್ತಡಿ ಅಗಲ, ಹತ್ತಡಿ ಉದ್ದ, ಎಂಟಡಿ ಎತ್ತರ. ಅದರೊಳಗಿನ ಗಾಳಿಯನ್ನೆಲ್ಲ ಈ ಬೈಕು ಇಪ್ಪತ್ತಮೂರು ನಿಮಿಷದಲ್ಲಿ ಕುಡಿದು ಮುಗಿಸುತ್ತದೆ. ಸುಮ್ಮನೆ ಕೂತ ಮನುಷ್ಯ ನಿಮಿಷಕ್ಕೆ ಆರೇಳು ಲೀಟರ್ ಎಳೆಯುತ್ತಾನೆ. ಸುತ್ತಿಗೆ ಎತ್ತಿದವನಿಗೆ ಅದರ ಐದಾರು ಪಟ್ಟು ಬೇಕು. ಎಷ್ಟು ದುಡಿದರೆ ಅಷ್ಟು ಧೂಳು.

ಕೆಲಸ ಶುರು ಮಾಡಿದೆವು. ಮೊದಲು ರಟ್ಟಿನಲ್ಲಿ ಅಳತೆ ಕತ್ತರಿಸಿದೆವು. ಪರೀಕ್ಷೆಗೆ ಒಯ್ಯುತ್ತಿದ್ದ ಪ್ಯಾಡು ಅದಕ್ಕೆ ಹೋಯಿತು. ಪೆಟ್ಟಿಗೆಯ ಬೋಲ್ಟು ಕಿವಿಗಳು ಯೆಜ್ದಿಯ ಫ್ರೇಮಿಗೆ ಎಲ್ಲೂ ಎದುರಾಗಲಿಲ್ಲ. ಕಿವಿ ಕೊಯ್ದು, ಅಲ್ಯುಮಿನಿಯಂ ಪಟ್ಟಿ ಬಗ್ಗಿಸಿ ಹೊಸ ಕಿವಿ ಮಾಡಿದೆವು. ಕಂಪನಕ್ಕೆ ಪ್ಲಾಸ್ಟಿಕ್ಕು ಸೀಳಬಾರದೆಂದು ಅಪ್ಪನ ಸವೆದ ಹವಾಯಿ ಚಪ್ಪಲಿ ಕತ್ತರಿಸಿ ವಾಷರು ಹಾಕಿದೆವು. ಹೊರಗಿನ ಗಾಳಿ ಒಳಗೆ ಬರುವ ತೂತನ್ನು ವಿಸ್ತೀರ್ಣದ ಲೆಕ್ಕಕ್ಕೆ ತಕ್ಕಂತೆ ಎರಡರಷ್ಟು ಮಾಡಿದೆವು. ಹಿಂಚಕ್ರದ ಕೆಸರು ಹಾರದ ಕಡೆ ಅದರ ಮುಖ ತಿರುಗಿಸಿದೆವು.

ಪೆಟ್ಟಿಗೆಯ ಮೂತಿ ಸಣ್ಣದು, ಕಾರ್ಬುರೇಟರಿನ ಬಾಯಿ ದೊಡ್ಡದು. ನಡುವೆ ಏನು ಹಾಕೋದು? ಟ್ರಾಕ್ಟರ್ ರೇಡಿಯೇಟರಿನ ಹಳೇ ಕೊಳವೆ ಕೂತಿತು. ಅಳತೆ ಮಾಡಿ ಮಾಡಿಸಿದ ಹಾಗಿತ್ತು. ಕುಣಿದೆವು. ಹದಿನೈದೇ ದಿನ. ಕಾರ್ಬುರೇಟರು ಹಿಂದಕ್ಕೆ ಉಗುಳುವ ಪೆಟ್ರೋಲಿಗೆ ಆ ರಬ್ಬರು ಊದಿಕೊಂಡು ನೆನೆದ ರೊಟ್ಟಿಯಾಯಿತು. ನೀರಿಗೆ ತಾಳುವ ರಬ್ಬರು ಬೇರೆ, ಪೆಟ್ರೋಲಿಗೆ ತಾಳುವ ರಬ್ಬರು ಬೇರೆ. ನೈಟ್ರೈಲ್ ಅನ್ನುವ ರಬ್ಬರಿನ ಕೊಳವೆ ತಂದು, ಎರಡೂ ಕಡೆ ಕ್ಲಿಪ್ಪು ಬಿಗಿದು ಮತ್ತೆ ಕೂರಿಸಿದೆವು. ಒಳಗಿನ ಸ್ಪಂಜಿಗೆ ಎಣ್ಣೆ ಅದ್ದಿ ಹಿಂಡಿದೆವು. ಒಣ ಸ್ಪಂಜು ದಪ್ಪ ಧೂಳನ್ನು ಮಾತ್ರ ತಡೆಯುತ್ತದೆ. ಅಪಾಯ ಮಾಡುವ ನುಣ್ಣನೆ ಧೂಳು ಅಂಟಿಗೆ ಮಾತ್ರ ಸಿಗುತ್ತದೆ.

ಗಾಡಿ ಶುರುವಾಯಿತು. ಆದರೂ ಪ್ಲಗ್ಗು ಬೆಳ್ಳಗೇ ಬರುತ್ತಿತ್ತು. ಕಾರ್ಬುರೇಟರಿನ ಸೂಜಿಯನ್ನು ಒಂದು ಗೀರು ಎತ್ತಿದೆವು. ಆಗಲೂ ಬಿಳುಪು. ನಾವು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಅಪ್ಪ ಗೋಡೆ ಹಿಡಿದುಕೊಂಡು ಎದ್ದುಬಂದ.

"ಗಾಳಿ ಎಲ್ಲಿಂದ ಹೋಯ್ತದೆ ಇದಕ್ಕೆ?" ಅಂದ. ತೋರಿಸಿದೆವು. ಓಡುತ್ತಿದ್ದ ಎಂಜಿನ್ನಿನ ಆ ತೂತಿನ ಮೇಲೆ ಅಂಗೈ ಒತ್ತಿ ಹಿಡಿದ. ಎಂಜಿನ್ನು ನಿಲ್ಲಲಿಲ್ಲ. ಸ್ವಲ್ಪ ಮುಕ್ಕಿರಿದು, ಮತ್ತೆ ಓಡತೊಡಗಿತು.

"ಬಾಯಿ ಮುಚ್ಚಿದ್ರೂ ಉಸಿರಾಡ್ತದೆ ಅಂದ್ರೆ ಇನ್ನೆಲ್ಲೋ ತೂತು ಅದೆ ಕನ್ರಪ್ಪಾ. ಕಳ್ಳಗಾಳಿ."

ಸೋಪಿನ ನೀರು ಬಳಿದು ಪೆಟ್ಟಿಗೆಯ ಒಳಕ್ಕೆ ಊದಿ ನೋಡಿದೆವು. ನಾವೇ ಕೊಯ್ದ ಒಂದು ಹಳೇ ಕಿವಿಯ ಬುಡದಲ್ಲಿ ಗುಳ್ಳೆ ಎದ್ದಿತು. ಕೂದಲೆಳೆಯಂಥ ಸೀಳು. ಧೂಳು ಸ್ಪಂಜನ್ನು ದಾಟಬೇಕಾಗಿಯೇ ಇರಲಿಲ್ಲ, ಅದಕ್ಕೆ ಹಿಂಬಾಗಿಲು ಇತ್ತು. ಎಪಾಕ್ಸಿ ಮೆತ್ತಿ, ಒಂದು ರಾತ್ರಿ ಒಣಗಲು ಬಿಟ್ಟೆವು. ಬೆಳಿಗ್ಗೆ ಅಪ್ಪನೇ ಮತ್ತೆ ಕೈಯೊತ್ತಿದ. ಎಂಜಿನ್ನು ಗಕ್ಕನೆ ನಿಂತಿತು. ಅಪ್ಪ ಬೆಂಕಿ ಮುಟ್ಟಿದವನ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡ. ಎಂಜಿನ್ ಸರಿಯಾಯಿತೆಂದು ನಮಗೆ ಸಂತೋಷ. ಅಪ್ಪನ ಮುಖದಲ್ಲಿ ಸಂತೋಷ ಇರಲಿಲ್ಲ. "ಉಸ್ರು ಕಟ್ಟೋದು ಹಿಂಗೇಯ" ಅಂದು ಜಗಲಿಗೆ ಹೋಗಿ ಕೂತ.

ಈಗ ಪ್ಲಗ್ಗು ಹುರಿದ ರಾಗಿಯ ಬಣ್ಣಕ್ಕೆ ಬಂದಿದೆ. ಪೆಟ್ಟಿಗೆ ನೋಡಲು ಚೆಂದವಿಲ್ಲ. ಹಳೇ ಬೈಕಿನ ಶೋಕಿಯವರು ಕಂಡರೆ ಮುಖ ತಿರುಗಿಸುತ್ತಾರೆ, ಇದು ಅಸಲಿ ಅಲ್ಲ ಅನ್ನುತ್ತಾರೆ. ನಮಗಂತೂ ಅಸಲಿ ಅನ್ನುವ ಮಾತು ಹೆದರಿಸುವುದಿಲ್ಲ. ಒಬ್ಬರು ಉಟ್ಟುಬಿಟ್ಟ ಅಂಗಿಯಲ್ಲಿ, ಇನ್ನೊಬ್ಬರು ಓದಿಬಿಟ್ಟ ಪುಸ್ತಕದಲ್ಲಿ ಬೆಳೆದವರು ನಾವು. ಅಳತೆ ಹೊಂದದ್ದನ್ನು ಹೊಂದಿಸಿಕೊಳ್ಳುವುದು ನಮಗೆ ಬಂದ ವಿದ್ಯೆ. ಆದರೆ ಹೊಂದಿಸಿಕೊಂಡದ್ದು ಸಾಕು ಅನ್ನುವ ಕಡೆಯೂ ಒಂದಿದೆ. ಟವಲ್ಲಿನ ಜೊತೆ ಅಪ್ಪ ಹೊಂದಿಕೊಂಡಿದ್ದ.

ಇಲ್ಲಿಯವರೆಗೆ ಒಂಬತ್ತು ಊರು ಸುತ್ತಿದ್ದೇವೆ. ಏಳು ಜನರ ಹೇಳಿಕೆ ಸಿಕ್ಕಿದೆ. ನಾವು ಹುಡುಕಿಕೊಂಡು ಹೋದವರಲ್ಲಿ ಮೂವರು ಆಗಲೇ ತೀರಿಹೋಗಿದ್ದರು. ಅವರ ಮನೆಯವರೂ ಟಿ.ಬಿ. ಅಂತಲೇ ಹೇಳಿದರು. ಅವರಿಗೆ ಏನು ಕೆಲಸ ಮಾಡ್ತಿದ್ರಿ ಅಂತ ಕೇಳಿದವರು ಸಿಗಲಿಲ್ಲ. ಇದನ್ನು ಓದುವ ಮೇಷ್ಟ್ರುಗಳೇ, ಗೆಳೆಯರೇ, ನಿಮ್ಮೂರ ಕಲ್ಲು ಕ್ವಾರಿಯಲ್ಲಿ ದುಡಿದು ಕೆಮ್ಮುತ್ತಿರುವವರು ಇದ್ದರೆ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಅವರು ಮಾಡಿದ ಕೆಲಸವನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಚೀಟಿಯಲ್ಲಿ ಬರೆಸಿ. ಯಾರು ಯಾರು ಜೊತೆಗೆ ದುಡಿದರು ಅನ್ನೋದನ್ನು ಈಗಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಹದಿನೈದು ದಿನಕ್ಕೊಮ್ಮೆ ನಾವು ಸ್ಪಂಜನ್ನು ಬಿಚ್ಚಿ ಸೋಪು ನೀರಿನಲ್ಲಿ ಹಿಸುಕಿ ತೊಳೆಯುತ್ತೇವೆ. ಬೋಗುಣಿಯ ನೀರು ಬೂದುಗಪ್ಪಾಗುತ್ತದೆ. ಅಪ್ಪ ಪ್ರತಿಸಲವೂ ಬಂದು ಬಗ್ಗಿ ಆ ನೀರನ್ನು ನೋಡುತ್ತಾನೆ. ಎರಡನೆಯ ನೀರು ತಿಳಿಯಾಗುತ್ತದೆ. ಸ್ಪಂಜು ಬಿಸಿಲಿನಲ್ಲಿ ಒಣಗುವವರೆಗೂ ಅವನು ಅದರ ಪಕ್ಕದಲ್ಲೇ ಕೂತಿರುತ್ತಾನೆ. ಆಮೇಲೆ ಎಣ್ಣೆ ಅದ್ದಿ, ಪೆಟ್ಟಿಗೆ ಮುಚ್ಚಿ, ನಾವು ಮುಂದಿನ ಊರಿಗೆ ಹೊರಡುತ್ತೇವೆ.